ಸರೋವರಕ್ಕೆ 'ದಿ' ಬೇಡ

ವುಕೋಟ ಬೆಳಿಗ್ಗೆ ಎದ್ದವನೇ ಗೇಟಿಗೆ ಇಂಗ್ಲಿಷ್ ಫಲಕ ತಗುಲಿಹಾಕಿದ್ದೇ ತಪ್ಪಾಯಿತು. ಸ್ಕಾದರ್ ಸರೋವರದ ದಂಡೆಯ ಆ ಹಳ್ಳಿಯಲ್ಲಿ ಪ್ರವಾಸಿಗರಿಗೆ ಬಾಡಿಗೆಗೆಂದು ಇಟ್ಟಿದ್ದ ಅವನ ಮಾಳಿಗೆಯ ಕೋಣೆ ಬೇಸಿಗೆಯಿಡೀ ಖಾಲಿ ಬಿದ್ದಿತ್ತು. ಹೆಂಡತಿ ಯೋಕ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು: "ಇವತ್ತು ಮಧ್ಯಾಹ್ನದ ಬಸ್ಸಲ್ಲಿ ಪ್ರವಾಸಿ ಸಿಗಲಿಲ್ಲ ಅಂದ್ರೆ, ಸಂಜೆ ಬಸ್ಸಿಗೆ ನಮ್ಮಮ್ಮ ಬರ್ತಾಳೆ. ಆ ಕೋಣೇಲಿ ಅವಳೇ ಇರ್ಲಿ, ಕಾಯಂ ಆಗಿ."

ಅತ್ತೆಯ ನಾಲಿಗೆಯ ರುಚಿ ಕಂಡಿದ್ದ ವುಕೋಟ ಆ ಕ್ಷಣವೇ ಹಲಗೆ, ನೀಲಿ ಬಣ್ಣ ಹುಡುಕಿ ತಂದಿದ್ದ.

ಮೊದಲು ಬಂದವರು ನಿವೃತ್ತ ಮೇಷ್ಟ್ರು ಬ್ಲಾಜೊ. "ಏನಯ್ಯಾ ಇದು? 'ದಿ ಲೇಕ್ ಸ್ಕಾದರ್, ದಿ ಬ್ರೇಕ್‌ಫಾಸ್ಟ್'! ಸರೋವರದ ಹೆಸರಿಗೆ 'ದಿ' ಹಾಕಲ್ಲ. ತಿಂಡಿಗೂ ಹಾಕಲ್ಲ."

"ಮೇಷ್ಟ್ರೇ, ನಮ್ಮ ಭಾಷೇಲಿ ಈ ಪೀಡೆನೇ ಇಲ್ವಲ್ಲ. ಎಲ್ಲಿ ಬೇಕೋ ಗೊತ್ತಾಗ್ಲಿಲ್ಲ, ಉಪ್ಪು ಉದುರಿಸಿದ ಹಾಗೆ ಎಲ್ಲಾ ಕಡೆ ಉದುರಿಸಿದೆ."

"ಇಳಿಸು. ನೋಡಿದೋರು ನಗ್ತಾರೆ."

ಬುದ್ಧಿ ಹೇಳಲು ಬಂದವರನ್ನು ಕೂರಿಸಿ, 'ರಾಕಿಯ' ಎಂಬ ದ್ರಾಕ್ಷಿಯ ಸಾರಾಯಿ ಕುಡಿಸದೆ ಕಳಿಸುವುದು ಆ ಊರಿನಲ್ಲಿ ಕೊಲೆಗಿಂತ ಸ್ವಲ್ಪವೇ ಸಣ್ಣ ಅಪರಾಧ. ಫಲಕ ಅಂಗಳಕ್ಕೆ ಬಂತು, ಬಾಟಲಿಯೂ ಬಂತು. ವಾಸನೆ ಹಿಡಿದು ಎದುರುಮನೆಯ ವಿದೋಸವ ಕೂಡ ಬಂದಳು. ಅವಳ ಮನೆಯಲ್ಲೂ ಒಂದು ಕೋಣೆ ಖಾಲಿಯಿತ್ತು.

"ನನ್ನ ತಮ್ಮ ಹಡಗಲ್ಲಿ ಇಂಗ್ಲೆಂಡು ನೋಡ್ಕೊಂಡು ಬಂದೋನು. ನದಿ ಹೆಸರಿಗೆ 'ದಿ' ಇದ್ದೇ ಇರುತ್ತಂತೆ. ನದಿಗೆ ಕೊಟ್ಟ ಮರ್ಯಾದೆ ಸರೋವರಕ್ಕೆ ಬೇಡ್ವಾ? ಆ 'ದಿ' ವಾಪಸ್ ಬರಿ, ವುಕೋಟ!"

"ಅದು ನಿಯಮ ಕಣಮ್ಮಾ, ಮರ್ಯಾದೆ ಅಲ್ಲ!" ಮೇಷ್ಟ್ರು ಮೇಜು ಗುದ್ದಿದರು.

ವುಕೋಟ ಬರೆದ, ಒರೆಸಿದ, ಮತ್ತೆ ಬರೆದ. ಒಂದೊಂದು ವಾದಕ್ಕೂ ಒಂದೊಂದು ಸುತ್ತು ಸಾರಾಯಿ. ಅತಿಥಿಗೆಂದು ತೆಗೆದಿಟ್ಟಿದ್ದ ಹೊಗೆ ಹಾಕಿದ ಮೀನೂ ಮುಗಿಯಿತು. ಫಲಕದ ನೀಲಿ ಬಣ್ಣ ಅವನ ಮೂಗಿನ ಮೇಲೆ ಮಾತ್ರ ಗಟ್ಟಿಯಾಗಿ ಕೂತಿತ್ತು.

ಕೊನೆಗೆ ವಿದೋಸವ ಎದ್ದಳು. "ಆಯ್ತಪ್ಪ, ಮೇಷ್ಟ್ರು ಹೇಳಿದ್ದೇ ಸರಿ. ಪೂರ್ತಿ ಅಳಿಸಿ ಹೊಸದಾಗಿ ಬರಿ. ಒಣಗೋ ತನಕ ಗೇಟಿಗೆ ಹಾಕ್ಬೇಡ, ಬಣ್ಣ ಇಳಿದುಬಿಡುತ್ತೆ. ನಾನು ಹೋಗಿ ಒಲೆ ಮೇಲೆ ಎಣ್ಣೆ ಇಡ್ಬೇಕು."

ಒಳ್ಳೆಯ ಮಾತು ಎನಿಸಿತು. ಫಲಕ ಒಣಗಿತು, ವುಕೋಟ ಅದನ್ನು ಹೊತ್ತು ಗೇಟಿಗೆ ಬರುವಷ್ಟರಲ್ಲಿ ಮಧ್ಯಾಹ್ನದ ಬಸ್ಸು ಧೂಳೆಬ್ಬಿಸಿ ಹೋಗಿಯಾಗಿತ್ತು. ಎದುರುಮನೆಯ ಕಟ್ಟೆಯ ಮೇಲೆ ವಿದೇಶಿ ಗಂಡಹೆಂಡತಿ ಕೂತು, ಜೇನು ಸವರಿದ ಬಿಸಿಬಿಸಿ ಬೋಂಡ ಮೆಲ್ಲುತ್ತಿದ್ದರು.

"ವಿದೋಸವಾ! ನಿನ್ ಗೇಟಲ್ಲಿ ಫಲಕಾನೇ ಇಲ್ವಲ್ಲೇ!"

"ಫಲಕ ಯಾಕಪ್ಪಾ? ತಟ್ಟೆ ತೋರಿಸಿ ಕೈ ಬೀಸಿದೆ, ಬಂದ್ರು."

ಸಂಜೆ ಬಸ್ಸಿನಿಂದ ಅತ್ತೆ ಎರಡು ಕೋಳಿಗಳ ಸಮೇತ ಇಳಿದು, ಗೇಟಿನ ಮುಂದೆ ನಿಂತು ಕತ್ತೆತ್ತಿದಳು. "ಫಲಕ ಬಲು ಚೆನ್ನಾಗಿದೆ, ಅಳಿಯಂದ್ರೇ. ಏನಂತ ಬರ್ದಿದೆ?"

"ಬಾಮ್ಮಾ, ನಿನ್ನ ಕೋಣೆ ಮೇಲಿದೆ ಅಂತ," ಎಂದಳು ಯೋಕ, ಒಂದು ಕೋಳಿಯನ್ನು ಗಂಡನ ಕೈಗೆ ಕೊಡುತ್ತಾ.

ಫಲಕದಲ್ಲಿ ಒಂದೇ ಒಂದು ತಪ್ಪೂ ಇರಲಿಲ್ಲ.