ಉದ್ದಣ್ಣನ ಮೊಣಕಾಲು, ನನ್ನ ಕುರ್ಚಿ

ವಯಸ್ಸಾದ ಯುರೋಪಿನ ಆಟಗಾರರನ್ನು ನಮ್ಮಂಥ ಫುಟ್‌ಬಾಲ್ ಕ್ಲಬ್ಬುಗಳು ಕರೆತರಬೇಕೇ, ಬೇಡವೇ ಎಂದು ಯಾರಾದರೂ ನಿಮ್ಮನ್ನು ಕೇಳಿದರೆ ದಯವಿಟ್ಟು ಬಾಯಿಗೆ ಬೀಗ ಹಾಕಿಕೊಳ್ಳಿ. ಬೇಕು ಎಂದು ನಾನೊಮ್ಮೆ ಅಮೋಘವಾಗಿ ಭಾಷಣ ಮಾಡಿ ಮನೆಯಲ್ಲಿದ್ದ ಮರ್ಯಾದೆ ಕಳೆದುಕೊಂಡೆ. ಬೇಡ ಎಂದು ಇನ್ನೊಮ್ಮೆ ಅದಕ್ಕಿಂತ ಅಮೋಘವಾಗಿ ಭಾಷಣ ಮಾಡಿ ಕುರ್ಚಿಯನ್ನೂ ಕಳೆದುಕೊಂಡೆ. ಎರಡಕ್ಕೂ ಚಪ್ಪಾಳೆ ಬಿದ್ದಿತ್ತು ಎಂಬುದೊಂದೇ ಈಗ ನನಗೆ ಉಳಿದಿರುವ ಆಸ್ತಿ.

ಮೊದಲು ಕುರ್ಚಿಯ ವಿಷಯ ಹೇಳಿಬಿಡುತ್ತೇನೆ. ಹೊಟ್ಟೆಪಾಡಿಗೆ ನನ್ನದೊಂದು ಕನ್ನಡಕದ ಅಂಗಡಿ. ನಲವತ್ತು ದಾಟಿದವರು ಪೇಪರನ್ನು ಕೈಚಾಚಿ ದೂರ ಹಿಡಿದು ಓದಲು ಶುರುಮಾಡಿದ ಕ್ಷಣದಿಂದ ಅವರು ನನ್ನವರು. ಆದರೆ ನನ್ನ ಆತ್ಮ ವಾಸಿಸುತ್ತಿದ್ದದ್ದು ಊರಿನ ಫುಟ್‌ಬಾಲ್ ಕ್ಲಬ್ಬಿನಲ್ಲಿ. ಅಲ್ಲಿ ನಾನು ಉಪಾಧ್ಯಕ್ಷ. ಉಳಿದ ಸದಸ್ಯರಿಗೆಲ್ಲ ಪ್ಲಾಸ್ಟಿಕ್ ಕುರ್ಚಿ. ನನಗೆ ಮಾತ್ರ ಕಿಟಕಿಯ ಪಕ್ಕ, ಕೈಗಳಿರುವ, ಮೆತ್ತೆ ಹಾಕಿದ ಮರದ ಕುರ್ಚಿ. ಅದರ ಮೇಲ್ಗಡೆ ಗೋಡೆಯಲ್ಲಿ ನನ್ನ ಯೌವನದ ಫೋಟೋ. ಇಷ್ಟೆಲ್ಲ ವೈಭವ ಬಂದದ್ದು ಒಂದು ಗೋಲಿನಿಂದ. ನಮ್ಮ ಕ್ಲಬ್ಬು ಇದುವರೆಗೆ ಗೆದ್ದ ಏಕಮಾತ್ರ ಫೈನಲ್ಲಿನ ಏಕಮಾತ್ರ ಗೋಲು ನನ್ನದು. (ಚೆಂಡು ಮುಖಕ್ಕೆ ಬರುತ್ತಿದೆ ಎಂದು ಹೆದರಿ ನಾನು ತಿರುಗಿ ನಿಂತಾಗ ಅದು ಬೆನ್ನಿಗೆ ಬಡಿದು ಒಳಗೆ ಹೋಯಿತು ಎನ್ನುವವರಿದ್ದಾರೆ. ಇರಲಿ. ಚೆಂಡಿಗೆ ಗೊತ್ತಿತ್ತು ಯಾರ ಬೆನ್ನಿಗೆ ಬಡಿಯಬೇಕು ಅಂತ.)

ಆ ಬೆನ್ನಿಗೆ ಅಂದು ಮೈದಾನದಲ್ಲೇ ಔಷಧಿ ಸಿಂಪಡಿಸಿದ ಹುಡುಗಿ ಈಗ ನನ್ನ ಹೆಂಡತಿ. ವಾರವಿಡೀ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಉಳುಕಿದ, ಹಿಡಿದುಕೊಂಡ, ಮಾತು ಕೇಳದ ಅಂಗಗಳನ್ನು ದಾರಿಗೆ ತರುತ್ತಾಳೆ. ಭಾನುವಾರ ಕ್ಲಬ್ಬಿನ ಹುಡುಗರ ಕಾಲು ನೋಡುತ್ತಾಳೆ. ಉಳಿದ ವೇಳೆಯಲ್ಲಿ ನನ್ನನ್ನು ದಾರಿಗೆ ತರುತ್ತಾಳೆ. ಆ ಗೋಲಿನ ಮೇಲೆ ಅವಳಿಗೆ ಎಷ್ಟು ಗೌರವವೆಂದರೆ, ಸಿಟ್ಟು ಬಂದಾಗಲೆಲ್ಲ ನನ್ನನ್ನು ಕರೆಯುವುದೇ "ಗೋಲ್ ಸಾಹೇಬ್ರೇ" ಎಂದು.

ಕಳೆದ ವರ್ಷ ನಮ್ಮ ತಂಡ ಎಲ್ಲರ ಕೈಯಲ್ಲೂ ಸೋತು, ಮೈದಾನಕ್ಕೆ ಜನರಿಗಿಂತ ಹೆಚ್ಚಾಗಿ ನಾಯಿಗಳು ಬರತೊಡಗಿದಾಗ ನನ್ನ ತಲೆಯಲ್ಲಿ ಮಿಂಚು ಹೊಳೆಯಿತು. ಯುರೋಪಿನಲ್ಲಿ ಒಂದು ಕಾಲದಲ್ಲಿ ಮೆರೆದ ಒಬ್ಬ ಆಟಗಾರ, ಈಗ ಯಾರೂ ಕರೆಯದೆ ಮನೆಯಲ್ಲಿ ಕುಳಿತಿದ್ದಾನೆಂದು ಗೊತ್ತಾಯಿತು. ಸಮಿತಿಯ ಸಭೆಯಲ್ಲಿ ಎದ್ದು ನಿಂತೆ.

"ಮಹನೀಯರೇ! ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ! ಓಡೋದಕ್ಕೆ ನಮ್ಮ ಹುಡುಗರಿದ್ದಾರೆ. ಎಲ್ಲಿಗೆ ಓಡಬೇಕು ಅಂತ ಹೇಳೋದಕ್ಕೆ ಒಬ್ಬ ಬೇಕಲ್ಲವೇ? ವಯಸ್ಸು ಅಂದರೆ ಅನುಭವ! ಹೆಸರು ಅಂದರೆ ಬಲ!"

ನಮ್ಮ ಅಧ್ಯಕ್ಷರಿಗೆ ಪೀಠೋಪಕರಣಗಳ ಅಂಗಡಿಯಿದೆ; ಮಾತು ಉದ್ದವಾದರೆ ಬಾರಿಸಲು ಮೇಜಿನ ಮೇಲೊಂದು ಗಂಟೆ ಇಟ್ಟುಕೊಳ್ಳುವುದರಿಂದ ಅವರಿಗೆ ಗಂಟೆಯಣ್ಣ ಎಂದೇ ಹೆಸರು. ಅಂದು ಅವರು ಗಂಟೆ ಬಾರಿಸುವುದನ್ನೇ ಮರೆತು ಚಪ್ಪಾಳೆ ತಟ್ಟಿದರು. ಆಮೇಲೆ ಕಣ್ಣೊರೆಸಿಕೊಂಡು, "ಸಂಬಳ ಹೇಗೋ ಹೊಂದಿಸಿದರೂ ಹೋಟೆಲ್ಲಿನಲ್ಲಿ ಇಡೋ ಶಕ್ತಿ ನಮಗಿಲ್ಲ. ಆನೆ ತಂದವರೇ ಲಾಯ ಕೊಡಬೇಕು" ಎಂದರು.

ಹೀಗೆ ನಮ್ಮ ಮಹಡಿಯ ಕೋಣೆ ಹೋಯಿತು. ಹೆಂಡತಿಯ ದನಿ ಒಂದು ಮಟ್ಟ ಮೀರಿದಾಗ ಪೇಪರು ಹಿಡಿದು ನಾನು ಏರುತ್ತಿದ್ದ ಏಕೈಕ ದುರ್ಗ ಅದು.

ಅವನು ಬಂದ. ಬಾಗಿಲು ಬಗ್ಗಿ ದಾಟಬೇಕಾದಷ್ಟು ಎತ್ತರ. ಹೆಸರಿನಲ್ಲಿ ವ್ಯಂಜನಗಳು ಒಂದರ ಮೇಲೊಂದು ಹತ್ತಿ ಕುಳಿತಿದ್ದವು. ನಮ್ಮ ನಾಲಿಗೆಗೆ ಹೊರಳಲಿಲ್ಲ. ನನ್ನ ತಾಯಿ ಒಮ್ಮೆ ಕತ್ತೆತ್ತಿ ನೋಡಿ, "ಬಾಪ್ಪಾ ಉದ್ದಣ್ಣ, ತಲೆ ಜೋಪಾನ" ಎಂದಳು. ಅದೇ ನಾಮಕರಣ. ಕರಾರುಪತ್ರವನ್ನು ಅವನು ಕೈಚಾಚಿ ಆದಷ್ಟು ದೂರ ಹಿಡಿದು ಓದಿದಾಗಲೇ ನನ್ನ ವೃತ್ತಿಪರ ಹೃದಯ ಧಸಕ್ಕೆಂದಿತು. 

ಮೊದಲ ಪಂದ್ಯಕ್ಕೆ ಮರ ಹತ್ತಿ ಕುಳಿತು ನೋಡುವಷ್ಟು ಜನ. ಉದ್ದಣ್ಣ ಓಡಲಿಲ್ಲ. ಮನೆಯ ಮುಂದೆ ಯಾರನ್ನೋ ಕಾಯುವವನಂತೆ ಅತ್ತಿತ್ತ ನಡೆದಾಡಿದ. ಚೆಂಡು ಬಂದಾಗಲೆಲ್ಲ ಒಂದೇ ಒದೆತಕ್ಕೆ ಅದನ್ನು ನಮ್ಮ ಆಟಗಾರ ಇರಬೇಕಾದ ಜಾಗಕ್ಕೆ ಕಳಿಸುತ್ತಿದ್ದ. ನಮ್ಮ ಆಟಗಾರ ಮಾತ್ರ ಅಲ್ಲಿರುತ್ತಿರಲಿಲ್ಲ. ಇನ್ನೂ ಬರುವ ದಾರಿಯಲ್ಲಿರುತ್ತಿದ್ದ. ಅರ್ಧ ಆಟ ಮುಗಿಯುವಷ್ಟರಲ್ಲಿ ಮೊಣಕಾಲು ಹಿಡಿದುಕೊಂಡು ಬೆಂಚಿನ ಮೇಲೆ ಕುಳಿತ. ಮರ ಹತ್ತಿದವರು ಇಳಿದು ಬಂದು, ಬೆಂಚನ್ನು ಬಿಟ್ಟು ನೇರವಾಗಿ ನನ್ನನ್ನೇ ನೋಡಿದರು.

ಅದನ್ನಾದರೂ ಸಹಿಸಬಹುದಿತ್ತು. ನನ್ನ ನಿಜವಾದ ಸೋಲು ನಡೆಯುತ್ತಿದ್ದದ್ದು ಮನೆಯಲ್ಲಿ.

ಆ ಮನುಷ್ಯ ಉಂಡ ತಟ್ಟೆಯನ್ನು ತಾನೇ ತೊಳೆಯುತ್ತಿದ್ದ! ಬೇಗ ಮಲಗಿ ಬೇಗ ಏಳುತ್ತಿದ್ದ. ಎದ್ದವನು ಹಾಸಿಗೆ ಮಡಿಸುತ್ತಿದ್ದ. ನನ್ನ ತಾಯಿಯ ಕೈಯಿಂದ ನೀರಿನ ಕೊಡ ಇಸಿದುಕೊಳ್ಳುತ್ತಿದ್ದ. ಒಂದು ಮನೆಯಲ್ಲಿ ಇಂಥ ಒಬ್ಬ ಗಂಡಸಿದ್ದರೆ ಇನ್ನೊಬ್ಬ ಗಂಡಸು ಬದುಕುವುದು ಹೇಗೆ, ನೀವೇ ಹೇಳಿ. ಸಂಜೆ ನನ್ನ ಹೆಂಡತಿ ಆಸ್ಪತ್ರೆಯಿಂದ ಬಂದವಳೇ ಚಪ್ಪಲಿ ಬಿಡುವ ಮುಂಚೆ ಕೇಳುವ ಮೊದಲ ಪ್ರಶ್ನೆ, "ಮೊಣಕಾಲು ಹೇಗಿದೆ?" ಆಮೇಲೆ ಅವನನ್ನು ಕೂರಿಸಿ, ಬಟ್ಟೆಯಲ್ಲಿ ಐಸ್ ಸುತ್ತಿ, ಮೊಣಕಾಲಿಗೆ ಕಟ್ಟುವಳು.

ನಾನೂ ಒಂದು ದಿನ ನರಳಿ ನೋಡಿದೆ.

"ನನ್ನ ಬೆನ್ನೂ ನೋಯ್ತಿದೆ ಕಣೇ."

"ನಾಲ್ಕು ಹೆಜ್ಜೆ ನಡೀರಿ, ಹೋಗುತ್ತೆ."

"ಅವನಿಗಾದರೆ ಐಸು, ನನಗೆ ನಡಿಗೆಯಾ?"

"ಅವರ ಮೊಣಕಾಲನ್ನ ಎರಡು ಸಲ ಕುಯ್ದಿದ್ದಾರೆ ರೀ. ನಿಮ್ಮ ಬೆನ್ನನ್ನ ಕುರ್ಚಿ ಬಿಟ್ಟು ಬೇರೆ ಏನೂ ಮುಟ್ಟಿಲ್ಲ."

"ಫೈನಲ್ಲಿನ ಚೆಂಡು ಮುಟ್ಟಿತ್ತು!"

"ಶುರುವಾಯ್ತಾ? ಏಳ್ರೀ ಮೇಲೆ! ಎಷ್ಟು ಹೊತ್ತು ಕೂತಿರ್ತೀರಿ? ಯಾವ ಕಾಲದ್ದೋ ಒಂದು ಗೋಲು ಇಟ್ಕೊಂಡು ಎಷ್ಟು ವರ್ಷ ಮೆರೀತೀರಿ? ನಾಚಿಕೆ ಆಗಲ್ವಾ ಗೋಲ್ ಸಾಹೇಬ್ರೇ?"

ಉದ್ದಣ್ಣ ಇದನ್ನೆಲ್ಲ ಪರಮ ಶ್ರದ್ಧೆಯಿಂದ ಆಲಿಸುತ್ತಿದ್ದ. ಅವನಿಗೆ ನಮ್ಮ ಭಾಷೆ ಕಲಿಯುವ ಹುಚ್ಚು ಹಿಡಿದಿತ್ತು. ಕಲಿಯಲು ನಮ್ಮ ಮನೆಯಲ್ಲಿ ಸಿಗುತ್ತಿದ್ದ ಪಾಠ ಇದೊಂದೇ, ದಿನಕ್ಕೆರಡು ಬಾರಿ, ಸ್ಪಷ್ಟ ಉಚ್ಚಾರಣೆಯಲ್ಲಿ. ಬೆಳಗ್ಗೆ ಮಹಡಿಯಲ್ಲಿ ವ್ಯಾಯಾಮ ಮಾಡುವಾಗ ಒಂದು, ಎರಡು ಎಂದು ಎಣಿಸುವ ಬದಲು "ಏಳ್ರೀ... ಎಷ್ಟು ಹೊತ್ತು... ಏಳ್ರೀ... ಎಷ್ಟು ಹೊತ್ತು..." ಎಂದು ಲಯಬದ್ಧವಾಗಿ ಹೇಳಿಕೊಳ್ಳುತ್ತಿದ್ದ. ಕೆಳಗೆ ಮಲಗಿದ್ದ ನಾನು ಹೆಂಡತಿಯೇ ಎಬ್ಬಿಸಲು ಬಂದಳೆಂದು ಗಾಬರಿಯಿಂದ ಎದ್ದು ಕೂರುತ್ತಿದ್ದೆ.

ಕಡೆಯ ಪೆಟ್ಟು ಕೊಟ್ಟವಳು ಹೆತ್ತ ತಾಯಿ. ಮನೆಗೆ ಯಾರೇ ಬರಲಿ, ನನ್ನ ಹಳೆಯ ಫೋಟೋ ತೋರಿಸಿ "ನಮ್ಮ ಮನೇಲಿ ದೊಡ್ಡ ಆಟಗಾರ ಇದಾನೆ" ಎನ್ನುವುದು ಅವಳ ರೂಢಿ. ಒಂದು ದಿನ ಯಾರೋ ಬಂದರು. ತಾಯಿ, "ನಮ್ಮ ಮನೇಲಿ ದೊಡ್ಡ ಆಟಗಾರ ಇದಾನೆ" ಎಂದಳು. ನಾನು ಅಂಗಿ ಸರಿಮಾಡಿಕೊಂಡು ಮುಂದೆ ಬಂದೆ. ಅವಳು ಬೆರಳೆತ್ತಿ ಮಹಡಿಯನ್ನು ತೋರಿಸಿದಳು. "ಹಾಗಾದ್ರೆ ಇವರು?" ಎಂದರು ಬಂದವರು.

"ಇವನಾ? ಇವನದು ಕನ್ನಡಕದ ಅಂಗಡಿ."

ಅಂದೇ ತೀರ್ಮಾನಿಸಿದೆ. ಆನೆಯನ್ನು ಕಾಡಿಗೆ ಅಟ್ಟಬೇಕು.

ವರ್ಷದ ಕರಾರು ಮುಗಿಯುತ್ತಾ ಬಂದಿತ್ತು. ಇನ್ನೊಂದು ವರ್ಷ ಇಟ್ಟುಕೊಳ್ಳಬೇಕೇ ಎಂದು ತೀರ್ಮಾನಿಸಲು ಸಭೆ ಕರೆದಿದ್ದರು. ಹಿಂದಿನ ದಿನ ಕಾಫಿ ಕುಡಿಯುತ್ತಾ ಹೆಂಡತಿಯ ಬಳಿ ಮೆಲ್ಲಗೆ ವಿಷಯ ತೆಗೆದೆ.

"ಆ ಮೊಣಕಾಲು ಮುಗೀತು ಅಂತ ನಾಳೆ ನೀನು ಒಂದು ಮಾತು ಹೇಳಿಬಿಡು."

ಅವಳು ಲೋಟ ಕೆಳಗಿಟ್ಟಳು. "ಮುಗಿದಿದೆ. ಅವರಿಗೂ ಗೊತ್ತು. ರಾತ್ರಿಯೆಲ್ಲ ಅದೇ ಯೋಚನೆ ಮಾಡ್ತಾರೆ ಪಾಪ. ಹದಿನಾರನೇ ವಯಸ್ಸಿಂದ ಬೇರೆ ಏನೂ ಮಾಡಿದವರಲ್ಲ. ಅದನ್ನ ಅವರ ಬಾಯಿಂದಲೇ ಬರೋಕೆ ಬಿಡಿ. ನೀವು ಮಧ್ಯೆ ಬಾಯಿ ಹಾಕ್ಬೇಡಿ, ಹೇಳಿದೀನಿ."

"ಕ್ಲಬ್ಬಿನ ಹಿತ..."

"ಕ್ಲಬ್ಬಿನ ಹಿತ ಅಲ್ಲ, ನಿಮ್ಮ ಹೊಟ್ಟೆಕಿಚ್ಚು. ವಾಸನೆ ಇಲ್ಲಿಗೇ ಬರ್ತಿದೆ."

ಹೆಂಡತಿಯ ಎಚ್ಚರಿಕೆಯನ್ನು ಕೇಳಿದ ಗಂಡಸು ಚರಿತ್ರೆಯಲ್ಲಿ ಎಲ್ಲಾದರೂ ಇದ್ದರೆ ಅವನಿಗೊಂದು ಪ್ರತಿಮೆ ನಿಲ್ಲಿಸಿ. ನಾನು ಅವನಲ್ಲ.

ಸಭೆಗೆ ಕನ್ನಡಿ ಮುಂದೆ ಅಭ್ಯಾಸ ಮಾಡಿಕೊಂಡೇ ಹೋದೆ. ಸಮಿತಿಯವರೆಲ್ಲ ಪ್ಲಾಸ್ಟಿಕ್ ಕುರ್ಚಿಗಳಲ್ಲಿ. ಬಾಗಿಲ ಪಕ್ಕ ನನ್ನ ಹೆಂಡತಿ, ಅವಳ ಪಕ್ಕ ಕಾಲು ಚಾಚಿಕೊಂಡು ಉದ್ದಣ್ಣ. ನಾನು ನನ್ನ ಕುರ್ಚಿಯಲ್ಲಿ, ನನ್ನ ಫೋಟೋದ ಕೆಳಗೆ, ಕುರ್ಚಿಯ ಎರಡೂ ತೋಳುಗಳ ಮೇಲೆ ಕೈಯಿಟ್ಟು, ಕುಳಿತೇ ಗರ್ಜಿಸಿದೆ.

"ಮಹನೀಯರೇ! ಒಂದು ಸಂಸ್ಥೆಯನ್ನು ಮುಳುಗಿಸೋದು ಸೋಲಲ್ಲ, ಹಳೇ ಹೆಸರು! ಯಾವತ್ತೋ ಆಡಿದ್ದನ್ನ ಹೇಳಿಕೊಂಡು, ಇವತ್ತು ಬೆವರು ಸುರಿಸದೆ, ಒಳ್ಳೇ ಜಾಗದಲ್ಲಿ ಮೆತ್ತಗೆ ಕೂತುಬಿಡೋದು ಎಲ್ಲಿಯ ನ್ಯಾಯ? ಎಳೆಯರಿಗೆ ಜಾಗ ಬಿಡಬೇಕು! ಹಣ್ಣೆಲೆ ತಾನಾಗಿ ಉದುರಬೇಕು! ಉದುರದಿದ್ದರೆ ನಾವು ಕೊಂಬೆ ಅಲ್ಲಾಡಿಸಬೇಕು!"

ಚಪ್ಪಾಳೆ ಬಿತ್ತು. ಆದರೆ ಅದರಲ್ಲಿ ಏನೋ ಒಂದು ತೆರನಾದ ಉತ್ಸಾಹ ಹೆಚ್ಚಿದ್ದಂತೆ ಕಂಡಿತು. ನಾಲ್ಕಾರು ಜನ ನನ್ನ ಕುರ್ಚಿಯ ಮೆತ್ತೆಯನ್ನು ನೋಡುತ್ತಿದ್ದರು. ನನ್ನ ಹೆಂಡತಿ ಹಣೆಗೆ ಕೈ ಹಚ್ಚಿಕೊಂಡಿದ್ದಳು.

ಉದ್ದಣ್ಣ ನಿಧಾನವಾಗಿ ಎದ್ದು ನಿಂತ. ಗಂಟೆಯಣ್ಣ ಗಂಟೆಯ ಮೇಲಿನಿಂದ ಕೈ ತೆಗೆದರು.

"ಉಪಾಧ್ಯಕ್ಷರು ಹೇಳಿದ್ದು ಸರಿ," ಎಂದ ಅವನು. ನಮ್ಮ ಭಾಷೆಯಲ್ಲೇ. "ನನ್ನ ಹತ್ತಿರ ಮಾತು ಕಡಿಮೆ. ಮನೆಯಲ್ಲಿ ಕಲಿತದ್ದು. ಈಗ ನಾನು ನನಗೇ ಹೇಳ್ತೀನಿ." ಹಾಗೆಂದು ತನ್ನ ಎದೆಯ ಕಡೆಗೇ ತೋರುಬೆರಳು ಅಲ್ಲಾಡಿಸುತ್ತಾ, ನನ್ನ ಹೆಂಡತಿಯ ರಾಗದಲ್ಲಿ, ಅವಳ ಹುಬ್ಬಿನ ಏರಿಳಿತದ ಸಮೇತ ಶುರುಮಾಡಿದ. "ಏಳ್ರೀ ಮೇಲೆ! ಎಷ್ಟು ಹೊತ್ತು ಕೂತಿರ್ತೀರಿ? ಯಾವ ಕಾಲದ್ದೋ ಒಂದು ಗೋಲು ಇಟ್ಕೊಂಡು ಎಷ್ಟು ವರ್ಷ ಮೆರೀತೀರಿ? ನಾಚಿಕೆ ಆಗಲ್ವಾ ಗೋಲ್ ಸಾಹೇಬ್ರೇ?"

ಉದ್ದಣ್ಣ ತನ್ನ ಜೀವಮಾನದಲ್ಲಿ ಹೊಡೆದ ಗೋಲುಗಳು ನೂರಾರು. ಒಂದೇ ಗೋಲಿನವನು ಆ ಕೋಣೆಯಲ್ಲಿ ಯಾರೆಂದು ಮೇಜಿಗೂ ಗೊತ್ತಿತ್ತು. ಯಾರೋ ಹಿಂದಿನಿಂದ ಕಿಸಕ್ಕೆಂದರು. ಆದರೆ ಅವನ ಮುಖದಲ್ಲಿ ಕುಚೋದ್ಯದ ಲವಲೇಶವೂ ಇರಲಿಲ್ಲ. ಕಣ್ಣು ತುಂಬಿ ಬಂದಿತ್ತು.

"ಕಾಲು ಸಾಕು ಅಂತಿದೆ," ಎಂದ. "ಹೆಸರು ಓಡ್ತಿದೆ, ಕಾಲು ಓಡಲ್ಲ. ಇವತ್ತಿಗೆ ಆಟ ಬಿಟ್ಟೆ. ಚಿಕ್ಕವರು ಆಡ್ಲಿ."

ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಂಥ ಚಪ್ಪಾಳೆ! ಕಿಟಕಿಯ ಗಾಜು ಅದುರಿತು. ಇಡೀ ಕೋಣೆಯಲ್ಲಿ ಕುಳಿತವನು ನಾನೊಬ್ಬನೇ. ಸಭ್ಯತೆಗೆ ಕಟ್ಟುಬಿದ್ದು (ಇದನ್ನು ಒತ್ತಿ ಹೇಳುತ್ತೇನೆ, ಬರೀ ಸಭ್ಯತೆಗೆ) ನಾನೂ ಕುರ್ಚಿಯಿಂದ ಎದ್ದು ನಿಂತೆ.

"ಉಪಾಧ್ಯಕ್ಷರೂ ಎದ್ದರು!" ಎಂದು ಯಾರೋ ಕೂಗಿದರು.

"ಏನು ದೊಡ್ಡತನ!" ಎಂದರು ಗಂಟೆಯಣ್ಣ. "ಬರೀ ಉಪದೇಶ ಮಾಡೋರನ್ನ ನೋಡಿದ್ದೆ. ಹೇಳಿದ ಕ್ಷಣವೇ ತಾನೂ ಜಾಗ ಬಿಟ್ಟುಕೊಟ್ಟವರನ್ನ ಇವತ್ತೇ ನೋಡಿದ್ದು! ಈ ರಾಜೀನಾಮೆಯನ್ನ ಭಾರವಾದ ಹೃದಯದಿಂದ..." ಎಂದವರೇ, ಮಾತು ಮುಗಿಸುವ ತಾಳ್ಮೆಯಿಲ್ಲದೆ ಗಂಟೆ ಬಾರಿಸಿಬಿಟ್ಟರು.

ನಾನು "ಅಲ್ಲ, ಅದು..." ಎನ್ನುವಷ್ಟರಲ್ಲಿ ಮತ್ತೆ ಚಪ್ಪಾಳೆ. ಕುಳಿತುಬಿಡೋಣವೆಂದು ಹಿಂದೆ ಕೈ ಹಾಕಿದೆ. ಗಾಳಿ ಸಿಕ್ಕಿತು. ಎಳೆಯರಿಗೆ ಆಟ ಕಲಿಸುವ ಗುರುವಾಗಿ ಉದ್ದಣ್ಣನನ್ನು ಆಗಲೇ ನೇಮಿಸಿ, ಮೊಣಕಾಲು ನೋವಿನವರು ಪ್ಲಾಸ್ಟಿಕ್ಕಿನಲ್ಲಿ ಕೂರಬಾರದೆಂದು ನನ್ನ ಕುರ್ಚಿಯನ್ನು ನಾಲ್ವರು ಎತ್ತಿಕೊಂಡು ಹೋಗಿದ್ದರು. ಮೆತ್ತೆಯನ್ನು ಅವನ ಕಾಲಡಿಗೆ ಸರಿಯಾಗಿ ಇಟ್ಟವಳು ನನ್ನ ಧರ್ಮಪತ್ನಿ.

ಮನೆಗೆ ನಡೆದು ಬರುವಾಗ ತಡೆಯಲಾಗದೆ ಕೇಳಿದೆ. "ನೀನೇ ಕಲಿಸಿದ್ದು ತಾನೇ ಅದನ್ನೆಲ್ಲ?"

"ನಾನು ಅವರಿಗೆ ಒಂದು ಮಾತೂ ಕಲಿಸಿಲ್ಲ ರೀ. ನಿಮಗೆ ಹೇಳಿದ್ದನ್ನ ಅವರು ಕಲಿತರು. ನೀವು ಕಲೀಲಿಲ್ಲ."

"ಹಾಗಾದ್ರೆ ನನ್ನಂಥವನನ್ನ ನೀನಾದ್ರೂ ಯಾಕೆ ಇಟ್ಕೊಂಡಿದೀಯ?" ಎಂದೆ, ದನಿಯಲ್ಲಿ ಆದಷ್ಟು ಕರುಣರಸ ತುಂಬಿ.

"ಕ್ಲಬ್ಬಿನವರು ಸಹಿ ಹಾಕೋ ಮುಂಚೆ ಕೈಕಾಲು ಎಲ್ಲ ತಟ್ಟಿ ನೋಡ್ತಾರೆ," ಎಂದಳು ಅವಳು. "ನಾನು ಬರೀ ಬೆನ್ನು ನೋಡಿ ಸಹಿ ಹಾಕಿದೋಳು. ಕರಾರು ಮುಗಿಯೋ ತಾರೀಖೂ ಕೇಳಲಿಲ್ಲ."

ಈಗ ಭಾನುವಾರಗಳಲ್ಲಿ ಅವಳೂ ಉದ್ದಣ್ಣನೂ ಮೈದಾನಕ್ಕೆ ಹೋಗುತ್ತಾರೆ. ನಮ್ಮ ತಂಡ ಗೆಲ್ಲತೊಡಗಿದೆಯಂತೆ. ಹುಡುಗರು ಇರಬೇಕಾದ ಜಾಗದಲ್ಲಿ ಇರುತ್ತಾರಂತೆ. ಮಹಡಿ ಅವನಿಗೇ ಕಾಯಂ. ನಾನು ಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತೇನೆ. ಅದರಿಂದ ನನ್ನ ಐತಿಹಾಸಿಕ ಬೆನ್ನಿಗೆ ನಿಜವಾಗಿಯೂ ನೋವು ಬಂದಿದೆ. ಮೊನ್ನೆ ಬೆಳಗ್ಗೆ ಎದ್ದು ನಿಲ್ಲಲಾಗದೆ, ಅಡುಗೆಮನೆಯ ಕಡೆ ತಿರುಗಿ, "ಅಯ್ಯೋ, ನನ್ನ ಬೆನ್ನು ಕಣೇ" ಎಂದು ಈ ಸಲ ಪ್ರಾಮಾಣಿಕವಾಗಿ ನರಳಿದೆ.

ಹೆಂಡತಿಯ ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಇತ್ತು. ಅವಳ ಪರವಾಗಿ ಮಹಡಿಯಿಂದ, ಅದೇ ರಾಗದಲ್ಲಿ, ಒಂದಕ್ಷರವೂ ತಪ್ಪಿಲ್ಲದೆ ಕೇಳಿಬಂತು:

"ನಾಲ್ಕು ಹೆಜ್ಜೆ ನಡೀರಿ, ಹೋಗುತ್ತೆ!"