ಹಳೆಯದರಂತೆಯೇ ಹೊಸ ಬ್ಯಾಟರಿ

ಕಾರಿನ ಬ್ಯಾಟರಿ ಕೈಕೊಟ್ಟಿದೆ ಎಂದು ಗೊತ್ತಾದಾಗ ನಮ್ಮ ಮನೆಯಲ್ಲಿ ಒಳಗೊಳಗೇ ಹಿಗ್ಗಿದವನು ನಾನೊಬ್ಬನೇ. ಕೊನೆಗೂ ನನ್ನ ವಿದ್ಯೆಗೆ ತಕ್ಕ ಕೆಲಸವೊಂದು ಮನೆಯಲ್ಲೇ ಹುಟ್ಟಿತ್ತು!

"ಮೆಕ್ಯಾನಿಕ್ ಬೇಡ, ಯಾರೂ ಬೇಡ," ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ. "ಬ್ಯಾಟರೀನ ನಾನೇ ಆರಿಸಿ ತರ್ತೀನಿ, ನಾನೇ ಕೂರಿಸ್ತೀನಿ. ಮೂರೂವರೆಗೆ ಗಾಡಿ ರೆಡಿ!"

ಹೆಂಡತಿ ತಲೆ ಎತ್ತಲಿಲ್ಲ. ಆಸ್ಪತ್ರೆಯಲ್ಲಿದ್ದ ಅಪ್ಪನಿಗೆ ಒಯ್ಯಬೇಕಾದ ಟವೆಲ್‌ಗಳನ್ನು ಮಡಚುತ್ತಿದ್ದಳು. "ನಾಲ್ಕರಿಂದ ಐದು ಅಷ್ಟೇ ರೀ ಒಳಗೆ ಬಿಡೋದು. ನಿನ್ನೆ ಎರಡು ಬಸ್ಸು ಬದಲಾಯಿಸಿ ಹೋಗೋಷ್ಟರಲ್ಲಿ ಬಾಗಿಲು ಹಾಕಿದ್ರು."

"ಇವತ್ತು ನಾಲ್ಕಕ್ಕೆ ಐದು ನಿಮಿಷ ಮುಂಚೆ ಅಲ್ಲಿರ್ತೀಯ. ನನ್ನ ಮಾತು ಅಂದ್ರೆ ಮಾತು."

ಅವಳು ಇನ್ನೊಂದು ಟವೆಲ್ ಮಡಚಿದಳು. ನನ್ನ ಮಾತುಗಳ ಹಿಂದಿನ ಲೆಕ್ಕ ಅವಳ ಹತ್ತಿರ ಇದೆ.

ಕಾರು ಮಾವನದು, ಹಳೇ ಡೀಸೆಲ್ ಗಾಡಿ. ಮಾವ ಮೂವತ್ತು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವರು. ಕಲಿಯಲು ಬಂದವರನ್ನು "ಕ್ಲಚ್ಚು! ಕ್ಲಚ್ಚು ತುಳಿಯಯ್ಯಾ!" ಎಂದು ಬೈದೂ ಬೈದೂ ಕ್ಲಚ್ ಮೇಷ್ಟ್ರು ಎಂದೇ ಹೆಸರಾದವರು. ಅವರಿಂದ ಬೈಸಿಕೊಳ್ಳದೆ ಲೈಸೆನ್ಸ್ ಪಡೆದವರು ಈ ಊರಲ್ಲಿ ಕಡಿಮೆ. ಆ ಬಾಯಿ ಈಗ ಮುಚ್ಚಿತ್ತು. ಆಪರೇಷನ್ ಆಗಿ ಹನ್ನೆರಡು ದಿನವಾಗಿತ್ತು. ಅದರಲ್ಲಿ ಒಂಬತ್ತು ದಿನದಿಂದ ಮಾವ ಗೋಡೆಗೆ ಮುಖ ಮಾಡಿಕೊಂಡು ಮಲಗಿದ್ದರು. ಒಂದು ಮಾತಿಲ್ಲ. ಊಟ ಎರಡು ಚಮಚ ದಾಟುತ್ತಿರಲಿಲ್ಲ.

"ಗಾಯ ಮಾಯ್ತಾ ಇದೆ," ಎಂದಿದ್ದರು ಡಾಕ್ಟರು. "ಆದ್ರೆ ಬದುಕಬೇಕು ಅಂತ ಅವರಿಗೇ ಅನ್ನಿಸ್ಬೇಕಲ್ಲ? ಅದಕ್ಕೆ ನಮ್ಮ ಹತ್ರ ಇಂಜೆಕ್ಷನ್ ಇಲ್ಲ."

ಅಂದಿನಿಂದ ನನ್ನ ಹೆಂಡತಿ ಆ ಒಂದು ಗಂಟೆಗಾಗಿಯೇ ಬದುಕಿದ್ದಳು. ಹಳೇ ಫೋಟೋ ತೋರಿಸಿದಳು, ಅಕ್ಕಪಕ್ಕದವರ ಸುದ್ದಿ ಹೇಳಿದಳು, ಸುಮ್ಮನೆ ಕೈ ಹಿಡಿದು ಕೂತಳು. ಗೋಡೆಯೇ ವಾಸಿ, ಅದು ಕೊನೆಪಕ್ಷ ಪ್ರತಿಧ್ವನಿಯನ್ನಾದರೂ ಕೊಡುತ್ತದೆ. ಮನೆಗೆ ಬಂದು ಅವಳು ಬಚ್ಚಲಲ್ಲಿ ನಲ್ಲಿ ತಿರುಗಿಸಿ ಅಳುತ್ತಿದ್ದಳು. ನನಗೆ ಕೇಳುತ್ತಿತ್ತು. ಏನು ಮಾಡಬೇಕೆಂದು ತಿಳಿಯದೆ ಪೇಪರ್ ಓದುತ್ತಿದ್ದೆ.

ಆದ್ದರಿಂದ ಬ್ಯಾಟರಿ ನನಗೆ ದೇವರು ಕೊಟ್ಟ ಅವಕಾಶ. ಇಪ್ಪತ್ತೆರಡು ವರ್ಷಗಳಿಂದ ಕಾರ್ಖಾನೆಯೊಂದರ ಉಗ್ರಾಣ ಕಾಯುತ್ತಿದ್ದೇನೆ. ಒಳಬರುವ ಪ್ರತಿಯೊಂದು ಬೋಲ್ಟನ್ನೂ ಸ್ಯಾಂಪಲ್ ಪಕ್ಕ ಇಟ್ಟು ಅಳೆದು, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸು ಅಟ್ಟುವವನು ನಾನು. ನನ್ನ ಮತಕ್ಕೆ ಎರಡೇ ಸೂತ್ರ. ಒಂದು, ಸ್ಯಾಂಪಲ್ಲನ್ನು ನಂಬು. ಇನ್ನೊಂದು, ಮಾರುವವನ ಮುಂದೆ ಬಾಯಿಬಿಡಬೇಡ. ಏತಕ್ಕೆ ಬೇಕು ಎಂದು ಹೇಳಿದೆವೋ, ಅವನು ಇನ್ನೊಂದು ದೊಡ್ಡದನ್ನು ನಮ್ಮ ತಲೆಗೆ ಕಟ್ಟಿಯೇ ಕಟ್ಟುತ್ತಾನೆ!

ಬಾನೆಟ್ ಎತ್ತಿ ಹಳೇ ಬ್ಯಾಟರಿ ಬಿಚ್ಚಿದೆ. ಅದು ಕೂತಿದ್ದ ತಟ್ಟೆ ಬಹಳ ಅಗಲ. ಖಾಲಿ ಜಾಗಕ್ಕೆ ಎರಡು ಮರದ ತುಂಡು ಹೊಡೆದು, ಅಲುಗದಂತೆ ಟ್ಯೂಬಿನ ರಬ್ಬರ್ ಸುತ್ತಿದ್ದರು. ಕಾರು ಕಂಪನಿಯವರು ಮರ ಬಳಸುತ್ತಾರೆಂದು ನನಗೆ ಗೊತ್ತಿರಲಿಲ್ಲ. ಸ್ವಲ್ಪ ಆಶ್ಚರ್ಯವಾಯಿತು. ಆದರೆ ಸ್ಯಾಂಪಲ್ಲನ್ನು ಪ್ರಶ್ನಿಸುವುದು ನನ್ನ ಜಾಯಮಾನವಲ್ಲ. ಯಾವ ತುಂಡು ಎಡಗಡೆಯದು, ಯಾವುದು ಬಲಗಡೆಯದು ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿಟ್ಟೆ.

ಬ್ಯಾಟರಿ ಅಂಗಡಿಯವನು ಸಭ್ಯ ಮನುಷ್ಯ. "ಗಾಡಿ ಯಾವುದು ಸಾರ್?" ಎಂದ.

ಶುರುವಾಯಿತು ಇವನ ನಾಟಕ ಎಂದುಕೊಂಡೆ. "ಗಾಡಿ ಕಟ್ಕೊಂಡು ನಿಮಗೇನಾಗ್ಬೇಕು? ಹಳೇದು ಇಲ್ಲೇ ಇದೆ. ಇದರ ಹಾಗೇ ಇನ್ನೊಂದು ಕೊಡಿ."

"ಹಾಗಲ್ಲ ಸಾರ್. ಗಾಡಿ ಹೇಳಿದ್ರೆ ಪುಸ್ತಕ ನೋಡಿ ಯಾವ ನಂಬರಿಂದು ಬರುತ್ತೆ ಅಂತ ಹೇಳ್ತೀನಿ. ಇದು ಮೂವತ್ತೈದು ಆಂಪಿಯರ್ರು, ಸಣ್ಣ ಪೆಟ್ರೋಲ್ ಗಾಡೀಗೆ..."

"ನೋಡಿ, ನನಗೆ ದೊಡ್ಡದು ಮಾರೋ ಆಸೆ ಬಿಟ್ಬಿಡಿ! ಮೂವತ್ತೈದು ಅಂದ್ರೆ ಮೂವತ್ತೈದು. ಮೂವತ್ತಾರೂ ಬೇಡ."

ಅವನು ಕೈ ಮುಗಿದ. ಮೂರು ಪೆಟ್ಟಿಗೆ ಬಿಚ್ಚಿಸಿದೆ. ಉದ್ದ, ಅಗಲ, ಎತ್ತರ ಟೇಪು ಹಿಡಿದು ಅಳೆದೆ. ಪ್ಲಸ್ ಯಾವ ಕಡೆ, ಮೈನಸ್ ಯಾವ ಕಡೆ ನೋಡಿದೆ. ಟರ್ಮಿನಲ್ ಎಷ್ಟು ದಪ್ಪ, ಹಿಡಿಕೆ ಯಾವ ಬದಿ, ಒಂದನ್ನೂ ಬಿಡಲಿಲ್ಲ. ಹೊಸದು ಹಳೆಯದಕ್ಕೆ ಅವಳಿ ತಮ್ಮನಂತಿತ್ತು. ಅಂಗಡಿಯವನು ಹೊಗಳುತ್ತಾನೇನೋ ಎಂದು ಕಾದೆ. ಅವನು ಗಡಿಯಾರ ನೋಡುತ್ತಿದ್ದ.

ಮೂರಕ್ಕೆಲ್ಲ ಬ್ಯಾಟರಿ ಕೂತಿತು, ಮರದ ತುಂಡುಗಳು ಪೆನ್ಸಿಲ್ ಗುರುತಿನ ಪ್ರಕಾರ ತಮ್ಮ ತಮ್ಮ ಸ್ಥಾನ ಅಲಂಕರಿಸಿದವು. ಕೀಲಿ ತಿರುಗಿಸಿದೆ. ಎಂಜಿನ್ ಉಬ್ಬಸದ ಮುದುಕನಂತೆ ನಾಲ್ಕು ಸಲ ನರಳಿ ಎದ್ದಿತು.

"ಯಾಕೆ ಹೀಗೆ ಕಷ್ಟಪಡ್ತಿದೆ?" ಎಂದಳು ಹೆಂಡತಿ.

"ಹೊಸದಲ್ವಾ? ಸಂಕೋಚ," ಎಂದೆ.

ಮೂರೂಕಾಲಿಗೆ ಹೊರಟೆವು. ಹೊಸ ಬ್ಯಾಟರಿಯ ಹುಮ್ಮಸ್ಸಿಗೆ ಫ್ಯಾನು ಹಾಕಿದೆ, ರೇಡಿಯೋ ಹಾಕಿದೆ, ಹಾಡಹಗಲಲ್ಲಿ ಹೆಡ್‌ಲೈಟೂ ಹಾಕಿದೆ. ದಾರಿಯಲ್ಲಿ ಔಷಧಿ ಅಂಗಡಿಯಲ್ಲಿ ಹತ್ತಿ ಕೊಳ್ಳಬೇಕಿತ್ತು.

"ಎಂಜಿನ್ ಆಫ್ ಮಾಡ್ಬೇಡಿ ರೀ."

"ಹೊಸಾ ಬ್ಯಾಟರಿ ಕಣೇ! ಅಳೆದು ತಂದಿದ್ದು!" ಎಂದು ಗತ್ತಿನಿಂದ ಕೀಲಿ ತಿರುಗಿಸಿ ಆರಿಸಿದೆ.

ಅವಳು ಹತ್ತಿ ತಂದಳು. ನಾನು ಕೀಲಿ ತಿರುಗಿಸಿದೆ. 'ಟಕ್' ಎಂದಿತು. ಇನ್ನೊಮ್ಮೆ ತಿರುಗಿಸಿದೆ. ಈ ಸಲ 'ಟಕ್' ಕೂಡ ಸಣ್ಣದಾಗಿತ್ತು. ಬಾನೆಟ್ ಎತ್ತಿದೆ, ಟರ್ಮಿನಲ್ ಕುಟ್ಟಿದೆ, ಮರದ ತುಂಡು ಅದಲುಬದಲಾಗಿದೆಯೇ ಎಂದು ಪರೀಕ್ಷಿಸಿದೆ. ಎಲ್ಲ ಸ್ಯಾಂಪಲ್ಲಿನಂತೆಯೇ ಇತ್ತು! ಗಂಟೆ ನಾಲ್ಕಾಯಿತು, ನಾಲ್ಕೂಕಾಲಾಯಿತು. ಆಟೋ ನಿಲ್ಲುವ ರಸ್ತೆಯಲ್ಲ ಅದು. ಹೆಂಡತಿ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾರಿನ ಹಿಂದೆ ಹೋಗಿ ನಿಂತಳು. ಅವಳು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕನ್ನಡಿಯಲ್ಲಿ ನೋಡಿದೆ. ತಳ್ಳುತ್ತಾ ತಳ್ಳುತ್ತಾ ಅಳುತ್ತಿದ್ದಳು. ಔಷಧಿ ಅಂಗಡಿಯವನು ಓಡಿಬಂದು ಕೈಹಾಕಿದ. ಮೂರನೇ ಪ್ರಯತ್ನಕ್ಕೆ ಗಾಡಿ ಕೆಮ್ಮಿ ಎದ್ದಿತು.

ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ಎಂಜಿನ್ ಆರಿಸದೆ ಬಿಡಲಿಲ್ಲ. ವಾರ್ಡಿಗೆ ಓಡಿದಾಗ ಐದಕ್ಕೆ ಹನ್ನೆರಡು ನಿಮಿಷ ಬಾಕಿ.

ಮಾವ ಗೋಡೆಯ ಕಡೆಗೇ ಇದ್ದರು. ಬೆನ್ನು ಇನ್ನೂ ಸಣ್ಣದಾಗಿತ್ತು. ಪಕ್ಕದಲ್ಲಿ ಮಧ್ಯಾಹ್ನದ ಊಟ ಹಾಗೇ ಆರಿ ಕೂತಿತ್ತು.

"ಅಪ್ಪಾ, ತಡ ಆಯ್ತು. ಕಾರು ನಿಂತೋಯ್ತು," ಎಂದಳು ಹೆಂಡತಿ. ಬೆನ್ನು ಅಲುಗಲಿಲ್ಲ.

ನನಗೆ ತಡೆಯಲಾಗಲಿಲ್ಲ. ಅಪವಾದ ನನ್ನ ಮೇಲೆ ಉಳಿಯಬಾರದಲ್ಲ! "ಮಾವ, ನನ್ನ ಕಡೆಯಿಂದ ಏನೂ ತಪ್ಪಾಗಿಲ್ಲ. ಬ್ಯಾಟರಿ ಹಳೇದರ ಹಾಗೇ ತಂದಿದ್ದೀನಿ. ಅದೇ ಮೂವತ್ತೈದು. ಒಂದು ದಾರದಷ್ಟೂ ವ್ಯತ್ಯಾಸ ಇಲ್ಲ. ಆ ಮರದ ತುಂಡುಗಳನ್ನೂ ಹಾಗೇ ಇಟ್ಟಿದ್ದೀನಿ."

ಗೋಡೆಯ ಕಡೆಯಿಂದ ಒಣಗಿದ ದನಿಯೊಂದು ಬಂತು. "ಮರದ ತುಂಡನ್ನೂ?"

ಹೆಂಡತಿಯ ಕೈಯಲ್ಲಿದ್ದ ಹತ್ತಿ ಕೆಳಗೆ ಬಿತ್ತು.

"ಹೌದು ಮಾವ, ಗುರುತು ಹಾಕಿ..."

ಮಾವ ತಿರುಗಿದರು. ಹದಿನಾಲ್ಕು ವರ್ಷ ನನ್ನನ್ನು 'ಅಳಿಯಂದಿರೇ' ಎಂದೇ ಬಹುವಚನದಲ್ಲಿ ಮಾತಾಡಿಸಿದ ಮಾವ ಒಂದೇ ಏಟಿಗೆ ಏಕವಚನಕ್ಕೆ ಇಳಿದರು. "ಅಯ್ಯೋ ಮಂಕೇ! ಅದು ಪೆಟ್ರೋಲ್ ಗಾಡೀದು ಕಣಯ್ಯಾ! ಇದು ಡೀಸೆಲ್ಲು! ಅರವತ್ತೈದು ಬೇಕು! ಜಾಗ ತುಂಬಲಿಲ್ಲ ಅಂತ ಮರ ಹೊಡ್ದಿದ್ದು ನಾನು! ಕಂಪನಿಯೋನು ಮರ ಹೊಡೀತಾನೇನಯ್ಯಾ?"

"ಮತ್ತೆ ಇಷ್ಟು ವರ್ಷ ಹೇಗೆ..."

"ಇಳಿಜಾರಲ್ಲಿ ನಿಲ್ಲಿಸ್ತಿದ್ದದ್ದು ಯಾಕೆ ಅಂದ್ಕೊಂಡೆ? ಗಾಳಿ ಸೇವನೆಗಾ? ಉರುಳಿಸಿ ಎಬ್ಬಿಸ್ತಿದ್ದೆ! ನೀನು ತಂದು ಸಮತಟ್ಟಲ್ಲಿ ನಿಲ್ಲಿಸ್ದೆ. ಅಂಗಡಿಯೋನು ಗಾಡಿ ಯಾವುದು ಅಂತ ಕೇಳಲಿಲ್ವಾ?"

"ಕೇಳಿದ. ನಾನೇ ಹೇಳಲಿಲ್ಲ."

ಮಾವ ಕಣ್ಣು ಮುಚ್ಚಿ ತೆರೆದರು. "ತಪ್ಪು ಬ್ಯಾಟರಿ ಯಾಕೆ ಹಾಕಿದ್ರಿ ಅಪ್ಪಾ?" ಎಂದು ಹೆಂಡತಿ ಮೆಲ್ಲಗೆ ಕೇಳಿದಳು.

"ನಿಮ್ಮಮ್ಮನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗ್ಬೇಕಿತ್ತು. ಅವತ್ತು ಅಂಗಡೀಲಿ ಇದ್ದದ್ದು ಅದೊಂದೇ." ಅವರು ಚಾವಣಿ ನೋಡಿದರು. "ವಾಪಸ್ ಒಬ್ಬನೇ ಬಂದೆ. ಆಮೇಲೆ ಬದಲಾಯಿಸೋಕೆ ಮನಸ್ಸಾಗಲಿಲ್ಲ."

ಹೆಂಡತಿ ಕೆಳಗೆ ಬಿದ್ದಿದ್ದ ಹತ್ತಿಯನ್ನು ಎತ್ತಿಕೊಂಡಳು. ಪಕ್ಕದ ಹಾಸಿಗೆಯವರು ಕೆಮ್ಮಿದರು.

ಮಾವನೇ ಮತ್ತೆ ಶುರುಮಾಡಿದರು. "ನನ್ನನ್ನೊಂದು ಮಾತು ಕೇಳಬಾರದಿತ್ತೇನಯ್ಯಾ? ದಿನಾ ಬರ್ತೀರಿ, ನೋವಿದೆಯಾ, ಊಟ ಮಾಡ್ತೀರಾ, ಇಷ್ಟೇ. ನನಗೆ ಗೊತ್ತಿರೋದನ್ನ ಒಬ್ಬನಾದ್ರೂ ಕೇಳ್ತೀರಾ? ನಾನಿನ್ನೂ ಇದ್ದೀನಿ ಕಣಯ್ಯಾ!"

ಅವರು ಎಂಟು ನಿಮಿಷ ನಿಲ್ಲಿಸದೆ ಬೈದರು. ನಡುವೆ ಹೆಂಡತಿ ಸದ್ದಿಲ್ಲದೆ ಚಮಚ ಹಿಡಿದಳು. ಬೈಗುಳಕ್ಕೂ ಬೈಗುಳಕ್ಕೂ ಮಧ್ಯೆ ಒಂದೊಂದಾಗಿ ಒಂಬತ್ತು ಚಮಚ ಒಳಗೆ ಹೋಯಿತು! ನರ್ಸಮ್ಮ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಗಂಟೆ ಹೊಡೆಯಿತು. ಮಾವ ಸುಸ್ತಾಗಿ ಮತ್ತೆ ಗೋಡೆಯತ್ತ ತಿರುಗಿದರು. "ನಾಳೆ ಬಂದು ಹೇಳು, ಇನ್ನೇನೇನು ಹಾಳು ಮಾಡ್ದೆ ಅಂತ," ಎಂದರು.

ಮೆಟ್ಟಿಲಿಳಿಯುವಾಗ ಹೆಂಡತಿ ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ. ನಾಚಿಕೆಯಿಂದ ನನ್ನ ತಲೆ ನೆಲ ನೋಡುತ್ತಿತ್ತು.

"ತಪ್ಪಾಯ್ತು ಕಣೇ," ಎಂದೆ. "ನಾಳೆ ಬೆಳಿಗ್ಗೆ ಎದ್ದ ತಕ್ಷಣ ಮೊದಲ ಕೆಲಸ, ಅಂಗಡಿಯವನ ಕಾಲಿಗೆ ಬಿದ್ದಾದ್ರೂ ಅರವತ್ತೈದರದ್ದು ತಂದು ಹಾಕಿಸ್ತೀನಿ."

"ಬೇಡ."

"ಯಾಕೆ?"

"ಸರಿಯಾದ್ದು ಹಾಕಿಸಿಬಿಟ್ರೆ ನಾಳೆ ಅಪ್ಪ ಯಾವುದಕ್ಕೆ ಬೈತಾರೆ?" ಅವಳು ನನ್ನ ಕೈಯಿಂದ ಕೀಲಿ ಕಿತ್ತುಕೊಂಡು ಡ್ರೈವರ್ ಸೀಟಿನಲ್ಲಿ ಕೂತಳು. "ಅವರು ಮನೆಗೆ ಬರೋವರೆಗೂ ಇದೇ ಇರ್ಲಿ. ನೀವು ಹಿಂದೆ ಹೋಗಿ ತಳ್ಳಿ."