ಕೌಬಾಯ್ ಹಾಲ್‌ನಲ್ಲಿ ಮೂರು ಭಾನುವಾರ

ಯಾವ ವೇದಿಕೆ ಹತ್ತಿದರೂ ನಮಗೆ ಏನಾದರೊಂದು ಆಗಿಯೇ ಆಗುತ್ತದೆ. ಬ್ರಿಕ್‌ಫೀಲ್ಡ್ಸ್‌ನ ಹಳೆಯ ಕಂಟ್ರಿ ಮ್ಯೂಸಿಕ್ ಹಾಲ್‌ನಲ್ಲಿ ಮಾತ್ರ ವಾರಕ್ಕೊಂದರಂತೆ ಆಯಿತು. ಊರಾಚೆಯ ಪುಚೊಂಗ್‌ನಲ್ಲಿ ನೆಲೆಸಿದ ಮೂವರು ಕನ್ನಡಿಗರ ಬ್ಯಾಂಡು ನಮ್ಮದು: ನಾನು ಗಿಟಾರ್, ಮೈಸೂರಿನ ಮೇಡಂ ಪಿಟೀಲು, ಮೃದಂಗ ಕಲಿತು ಡ್ರಮ್ಸ್‌ಗೆ ಬಂದ ರಾಯರು. ಹಾಲ್‌ನ ಮಾಲೀಕರು ಎಪ್ಪತ್ತು ದಾಟಿದ ತಮಿಳರು. ಅವರು ಕೌಬಾಯ್ ಹ್ಯಾಟು ತೆಗೆದದ್ದನ್ನು ಕಂಡವರಿಲ್ಲ. ಮೂರು ಭಾನುವಾರ ನೋಡುತ್ತೇನೆ, ಮೂರನೆಯದರಲ್ಲಿ ಕುರ್ಚಿ ಖಾಲಿ ಕಂಡರೆ ಬೇರೆ ಬ್ಯಾಂಡ್ ಕರೆಸುತ್ತೇನೆ ಎಂದರು. ಇಡೀ ಊರಿನಲ್ಲಿ ನಮ್ಮನ್ನು ಕರೆದ ಹಾಲ್ ಅದೊಂದೇ.

ಬೂಟು

ಮೊದಲ ವಾರ ಮಾಲೀಕರೇ ನಮಗೆ ಕೌಬಾಯ್ ಬೂಟು ಕೊಡಿಸಿದ್ದರು. ನಾವು ಅವನ್ನು ಮೆಟ್ಟಿಲ ಬಳಿ ಸಾಲಾಗಿ ಬಿಟ್ಟು, ವೇದಿಕೆ ಮುಟ್ಟಿ ನಮಸ್ಕರಿಸಿ ಹತ್ತಿದೆವು. ಮಾಲೀಕರ ಮುಖ ಬಿಗಿಯಾಯಿತು. ಬೂಟು ಸಣ್ಣದಾಯಿತೇ ಎಂದು ಕೇಳಿದರು. ಸರಸ್ವತಿ ಇರುವ ಜಾಗ ಅಂಕಲ್, ಎಂದರು ಮೇಡಂ. ಮಾಲೀಕರು ವೇದಿಕೆಯನ್ನೊಮ್ಮೆ ನೋಡಿ ಹೊರಟುಹೋದರು. ನಮ್ಮ ಕಥೆ ಮುಗಿಯಿತು ಅಂದುಕೊಂಡೆವು.

ಮುಂದಿನ ವಾರ ಮೆಟ್ಟಿಲ ಬಳಿ ಚಪ್ಪಲಿ ಸ್ಟ್ಯಾಂಡ್ ಬಂದಿತ್ತು.

ಪಿಟೀಲು

ಮೊದಲ ವಾರ ನಿಂತು ನುಡಿಸಿ ಸೊಂಟ ಹಿಡಿಸಿಕೊಂಡಿದ್ದ ಮೇಡಂ, ಎರಡನೆಯ ವಾರ ಜಮಖಾನ ಹಾಸಿ ಚಕ್ಕಳಮಕ್ಕಳ ಹಾಕಿ ಕೂತರು. ಹಿಂದಿನ ಸಾಲಿಗೆ ಪಿಟೀಲು ಕೇಳಿಸುತ್ತಿತ್ತು, ಮೇಡಂ ಕಾಣುತ್ತಿರಲಿಲ್ಲ. ಅಲ್ಲಿ ಗುಸುಗುಸು ಶುರುವಾಯಿತು. ಮಾಲೀಕರು ಬಾಗಿಲಲ್ಲಿ ಕೈಕಟ್ಟಿ ನಿಂತರು. ಕೊನೆಗೆ ಒಬ್ಬ ಅಜ್ಜ ಎದ್ದು ಬಂದು ನನ್ನ ಕಿವಿಯಲ್ಲಿ ಇಲ್ಲಿನವರ ಧಾಟಿಯಲ್ಲಿ ಹೇಳಿದರು:

"ರೆಕಾರ್ಡ್ ಹಾಕಿ ಮೋಸ ಮಾಡಬೇಡಿ ಲಾ."

ಡ್ರಮ್ಸ್

ಮೂರನೆಯ ವಾರ ಭಯಕ್ಕೆ ಪುಚೊಂಗ್‌ನ ಕನ್ನಡ ಕುಟುಂಬಗಳನ್ನೆಲ್ಲ ಕರೆದೆವು. ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಕೊನೆಯ ಹಾಡಿಗೆ ಮುಂಚೆ ರಾಯರೊಬ್ಬರೇ ಹತ್ತು ನಿಮಿಷ ನುಡಿಸಲಿ ಎಂದು ಬಿಟ್ಟೆವು. ತಪ್ಪಿದ್ದು ಅಲ್ಲೇ. ನಮ್ಮ ಜನ ಸಂಗೀತ ಕಛೇರಿ ಕೇಳಿ ಬೆಳೆದವರು. ತಾಳವಾದ್ಯದ ತನಿ ಆವರ್ತನ ಶುರುವಾದರೆ ಕಾಫಿಗೆ ಏಳಬೇಕು ಎಂದು ಬಲ್ಲವರು. ಮೊದಲ ಪೆಟ್ಟಿಗೇ ಇಡೀ ಹಾಲ್ ಎದ್ದು ಮಾಲೀಕರದೇ ಕ್ಯಾಂಟೀನಿಗೆ ನಡೆಯಿತು. ರಾಯರು ಕಣ್ಣು ಮುಚ್ಚಿ ನುಡಿಸುತ್ತಿದ್ದರು. ನಾನು ಖಾಲಿ ಕುರ್ಚಿಗಳನ್ನೂ ಬಾಗಿಲಲ್ಲಿದ್ದ ಹ್ಯಾಟನ್ನೂ ನೋಡುತ್ತ ನಿಂತೆ.

ಎಲ್ಲ ಮುಗಿದ ಮೇಲೆ ಮಾಲೀಕರು ಬೂಟು ಬಿಟ್ಟು ವೇದಿಕೆ ಹತ್ತಿದರು. ಹ್ಯಾಟು ಕೈಯಲ್ಲಿತ್ತು. ವಡೆ, ಕಾಫಿ ಎರಡೂ ಮುಗಿದು ಪಕ್ಕದ ಮಾಮಕ್ ತಿಂಡಿ ಅಂಗಡಿಯಿಂದ ತಪಾವ್ ಪಾರ್ಸೆಲ್ ತರಿಸಬೇಕಾಯಿತು, ಹಾಲ್ ಕಟ್ಟಿದಾಗಿನಿಂದ ಇದೇ ಮೊದಲು, ಎಂದರು.

"ಪ್ರತಿ ಭಾನುವಾರ ಬನ್ನಿ. ಆ ಡ್ರಮ್ಸ್ ಮಾತ್ರ ಎರಡು ಸಲ ಇರಲಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಮೇಡಂ ನನ್ನ ಬರಿಗಾಲು ತುಳಿದರು. ರಾಯರು ಕಣ್ಣೊರೆಸಿಕೊಂಡು ನಮ್ಮತ್ತ ತಿರುಗಿದರು.

"ನೋಡಿದಿರಾ, ಕೇಳುವ ಕಿವಿ ಅಂದರೆ ಇದು."